ಬರೆದು ಹಿಂತೆಗೆದ ಪತ್ರ

ಸುಳ್ಯ ತಾಲೂಕಿನ ಅಜ್ಜಾವರದಲ್ಲಿ ಬೇಸಗೆಯ ಬಿಸಿಲೆಂದರೆ ಅಡಿಕೆಯ ಬಿಸಿಲು. ಮನೆಮನೆಯ ಅಂಗಳದಲ್ಲಿ ಹಣ್ಣಡಿಕೆ ಹರಡಿರುತ್ತದೆ. ನಲವತ್ತು ದಿನ ಒಣಗಿ, ಸಿಪ್ಪೆ ಸುಲಿಸಿಕೊಂಡು, ಚಾಲಿಯಾಗಿ ಮಂಗಳೂರಿನ ದಾರಿ ಹಿಡಿಯುತ್ತದೆ. ಅಂಥದೊಂದು ಅಂಗಳವನ್ನು ಕಾಯುತ್ತ ಚಾವಡಿಯಲ್ಲಿ ಕುಳಿತ ನಿವೃತ್ತ ಉಪಾಧ್ಯಾಯರೊಬ್ಬರು ಮಕ್ಕಳಿಗಾಗಿ ಕಥೆಯೊಂದನ್ನು ಬರೆಯತೊಡಗಿದರು. ಕಥೆಯ ನಾಯಕಿ ಹನ್ನೆರಡನೆಯ ಶತಮಾನದ ಯೆಹೂದ್ಯ ಬಾಲಿಕೆ. ಹೆಸರು ಸಿತ್ತ್ ಅಲ್-ದಾರ್.

“ಯೆಹೂದ್ಯರ ಕಥೆ ನಮ್ಮ ಮಕ್ಕಳಿಗೆ ಯಾಕೆ ಮಾಷ್ಟ್ರೆ? ನಮ್ಮ ಪುರಾಣಗಳಲ್ಲಿ ಕಥೆಗಳಿಲ್ಲವೋ?” ಎಂದು ನೆರೆಮನೆಯವರು ಕೇಳಿದರು. ಆ ಬಾಲಿಕೆ ನಮ್ಮ ಕರಾವಳಿಯಲ್ಲಿಯೇ ಬಾಲ್ಯ ಕಳೆದವಳು ಎಂದು ಮಾಷ್ಟ್ರು ಉತ್ತರಿಸಿದರು. ಮಕ್ಕಳ ಕೈಗೆ ಜಗತ್ತನ್ನಿಡುವ ಕೆಲಸ ಈ ಸೀಮೆಗೆ ಹೊಸದೇನೂ ಅಲ್ಲ. ಪುತ್ತೂರಿನ ಶಿವರಾಮ ಕಾರಂತರು 1936ರಲ್ಲೇ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ತಂದರು, ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ‘ವಿಶ್ವಕಥಾಕೋಶ’ದ 25 ಸಂಪುಟಗಳನ್ನು ಸಂಪಾದಿಸಿದರು.

ಬಾಲಿಕೆಯ ತಂದೆ ಅಬ್ರಹಾಂ ಬೆನ್ ಯಿಜು ಟ್ಯುನೀಸಿಯದ ಮಹ್ದಿಯಾ ಪಟ್ಟಣದವನು. ಏಡನ್ನಿನ ಮೂಲಕ ಭಾರತಕ್ಕೆ ಬಂದು, 1132ರಿಂದ 1149ರವರೆಗೆ, ಎಂದರೆ ಸುಮಾರು 17 ವರ್ಷ, ಆಳುಪರ ಕಾಲದ ಮಂಗಳೂರಿನ ಕರಾವಳಿಯಲ್ಲಿ ವ್ಯಾಪಾರ ನಡೆಸಿದನು. ಕರಿಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಇವು ಇಲ್ಲಿಂದ ಹೋಗುತ್ತಿದ್ದವು. ಕಂಚು-ಹಿತ್ತಾಳೆಯ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯೂ ಅವನದಿತ್ತು. ಅಲ್ಲಿಂದ ಸ್ನೇಹಿತರು ಸಕ್ಕರೆ, ಒಣದ್ರಾಕ್ಷಿ ಮತ್ತು ಮುಖ್ಯವಾಗಿ ಬರೆಯುವ ಕಾಗದವನ್ನು ಕಳುಹಿಸುತ್ತಿದ್ದರು. ತಾಳೆಗರಿಯ ನಾಡಿನಲ್ಲಿ ಕಾಗದ ದುರ್ಲಭವಾಗಿತ್ತಷ್ಟೆ. ಬಂದ ಪತ್ರದ ಬೆನ್ನ ಮೇಲೆ ಆತ ತನ್ನ ಲೆಕ್ಕಗಳನ್ನು ಬರೆದುಕೊಂಡಿದ್ದಾನೆ. ಏಲಕ್ಕಿಗೆಂದು ಕೊಟ್ಟ ಮುಂಗಡ ಮಾಲಾಗಿ ಬಾರದೆ, ಏಡನ್ನಿನ ಪಾಲುದಾರರಿಗೆ ಸಮಾಧಾನ ಹೇಳಬೇಕಾದ ಸಂಕಟವೂ ಆ ಕಾಗದಗಳಲ್ಲಿದೆ. ವ್ಯಾಪಾರದ ಮನೆಗಳಲ್ಲಿ ಹುಟ್ಟಿದ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ತಿಳಿದದ್ದು ಒಂದು ಧಾರ್ಮಿಕ ನಡವಳಿಕೆಯ ದೆಸೆಯಿಂದ. ದೇವರ ನಾಮವಿರಬಹುದಾದ ಬರಹವನ್ನು ಯೆಹೂದ್ಯರು ಎಸೆಯುವುದಿಲ್ಲ, ಸುಡುವುದಿಲ್ಲ. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಇಂಥ ಕಾಗದಗಳನ್ನು ಹಾಕುವ ‘ಗೆನಿಜಾ’ ಎಂಬ ಕೋಣೆಯಿತ್ತು. ಶಾಸ್ತ್ರದೊಡನೆ ಸಂತೆಯ ಲೆಕ್ಕವೂ ಅದರೊಳಗೆ ಬಿದ್ದು ಶತಮಾನಗಳ ಕಾಲ ಉಳಿಯಿತು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅಲ್ಲಿಂದ 1,90,000ಕ್ಕೂ ಮಿಕ್ಕಿದ ತುಣುಕುಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಒಯ್ದರು. ಮೂಡಬಿದಿರೆಯಲ್ಲಿ ಧವಲಾ ಗ್ರಂಥದ ತಾಡಪತ್ರಗಳು ಶತಮಾನಗಳ ಕಾಲ ದರ್ಶನದ ವಸ್ತುವಾಗಿಯೇ ಉಳಿದು, ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ಓದದೆಯೂ ಕಾಪಾಡುವ ಭಕ್ತಿ ನಮಗೆ ಅಪರಿಚಿತವಲ್ಲ.

ಅರಬ್ಬೀ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ಆ ವ್ಯಾಪಾರಿಗಳ ಪತ್ರಗಳನ್ನು ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸರು ದಶಕಗಳ ಕಾಲ ಓದಿದರು. ಅಮಿತಾವ ಘೋಷ್ ಅವರು 1992ರ ತಮ್ಮ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಗ್ರಂಥದಲ್ಲಿ ಬೆನ್ ಯಿಜುವಿನ ಸೇವಕನ ಜಾಡು ಹಿಡಿದು ಮಂಗಳೂರಿಗೆ ಬಂದರು. ಸ್ವರಗಳಿಲ್ಲದ ಲಿಪಿಯಲ್ಲಿ ಮೂರಕ್ಷರವಾಗಿ ನಿಂತಿದ್ದ ಆ ಸೇವಕನ ಹೆಸರನ್ನು ‘ಬೊಮ್ಮ’ ಎಂದು ಓದಲು ನೆರವಾದವರು ನಮ್ಮವರೇ ಆದ ಡಾ. ಬಿ. ಎ. ವಿವೇಕ ರೈಗಳು.

ಮಾಷ್ಟ್ರು ಬರೆಯುವ ಮೊದಲು ಯೆಹೂದ್ಯ ಜೀವನವನ್ನು ಕುರಿತ ಮಕ್ಕಳ ಕಥೆಗಳನ್ನು ಹುಡುಕಿ ಓದಿದ್ದರು. ನಮ್ಮಲ್ಲಿ ಯೆಹೂದ್ಯನೆಂದರೆ ಕಾಲೇಜಿನಲ್ಲಿ ಓದಿದ ಷೈಲಾಕ್, ಇಲ್ಲವೇ ಹಿಟ್ಲರನ ಕಾಲದ ಆ್ಯನ್ ಫ್ರಾಂಕ್. ಒಂದರಲ್ಲಿ ಬಡ್ಡಿಯ ಕ್ರೌರ್ಯ, ಇನ್ನೊಂದರಲ್ಲಿ ಹೇಳಲಾಗದ ದುಃಖ. ಎರಡರ ನಡುವೆ ಅಂಗಡಿ ತೆರೆದು ಮಕ್ಕಳನ್ನು ಸಾಕುವ ಮನುಷ್ಯ ಕಾಣುವುದೇ ಇಲ್ಲ. (ವ್ಯಾಪಾರಿ ಸಮಾಜಗಳಿಗೆ ಲೋಕ ಅಂಟಿಸುವ ಚೀಟಿಯನ್ನು ನಾವೂ ಬಲ್ಲೆವು.) ಸಿಡ್ನಿ ಟೇಲರ್ ಎಂಬ ಲೇಖಕಿ 1951ರಲ್ಲಿ ಬರೆದ ಕಥೆಯಲ್ಲಿ ನ್ಯೂಯಾರ್ಕಿನ ಬಡ ಬೀದಿಯೊಂದರ ಐವರು ಅಕ್ಕತಂಗಿಯರಿದ್ದಾರೆ, ತಂದೆಯದು ಗುಜರಿಯ ವ್ಯಾಪಾರ, ಮನೆಯಲ್ಲಿ ಹಬ್ಬಗಳು, ಅಷ್ಟೆ. ಐಸಾಕ್ ಬಾಶೆವಿಸ್ ಸಿಂಗರ್ ಅವರ 1966ರ ಮಕ್ಕಳ ಕಥಾಸಂಕಲನದಲ್ಲಿ ಹಬ್ಬದ ಖರ್ಚಿಗಾಗಿ ಮನೆಯ ಮೇಕೆಯನ್ನು ಕಟುಕನಿಗೆ ಮಾರಲು ಹೊರಟ ಬಾಲಕನು ಹಿಮಪಾತಕ್ಕೆ ಸಿಕ್ಕಿ ಹುಲ್ಲಬಣವೆಯನ್ನು ಹೊಗುತ್ತಾನೆ. ಮೂರು ದಿನ ಆ ಮೇಕೆಯ ಹಾಲೇ ಅವನನ್ನು ಬದುಕಿಸುತ್ತದೆ. ಮನೆಗೆ ಮರಳಿದ ಮೇಲೆ ಅದನ್ನು ಮಾರುವ ಮಾತನ್ನು ಯಾರೂ ಎತ್ತುವುದಿಲ್ಲ. ಈ ಕಥೆಯನ್ನು ಮಾಷ್ಟ್ರು ಅಜ್ಜಾವರದ ಮಕ್ಕಳಿಗೆ ಹೇಳಿದಾಗ, ಯೆಹೂದ್ಯರು ಯಾರು ಎಂದು ಯಾವ ಮಗುವೂ ಕೇಳಲಿಲ್ಲ. ಮೇಕೆಯ ಹೆಸರೇನೆಂದು ಕೇಳಿದರು.

ತೊಡಕು ಬಂದುದು ತಾಯಿಯ ವಿಷಯದಲ್ಲಿ. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಂಧಮುಕ್ತಗೊಳಿಸಿ ಪತ್ರ ಬರೆದನು. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರಿಟ್ಟನು. ಅವಳೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರು ತಿಳಿಯುತ್ತಾರೆ. 1149ರಲ್ಲಿ ಆತ ಮಗ ಮತ್ತು ಮಗಳೊಂದಿಗೆ ಏಡನ್ನಿಗೆ ಮರಳಿ, ಸೆಪ್ಟೆಂಬರಿನಲ್ಲಿ ಸಹೋದರರಿಗೆ ಪತ್ರ ಬರೆದನು. ಆಶು ಅವರೊಡನೆ ಹಡಗನ್ನೇರಿದಂತೆ ತೋರುವುದಿಲ್ಲ. ಮಗನು ಯೆಮೆನ್ ದೇಶದಲ್ಲಿ ತೀರಿಕೊಂಡನು. ಸಿತ್ತ್ ಅಲ್-ದಾರ್ 1156ರಲ್ಲಿ ಈಜಿಪ್ತಿನ ಫುಸ್ತಾತಿನಲ್ಲಿ, ಸಿಸಿಲಿಯಿಂದ ಬಂದ ಚಿಕ್ಕಪ್ಪನ ಮಗ ಪೆರಾಹ್ಯಾನನ್ನು ಮದುವೆಯಾದಳು.

ಮೊದಲ ಕರಡಿನಲ್ಲಿ ಮಾಷ್ಟ್ರು ಆಶುವನ್ನು ತುಳುನಾಡಿನ ದೊಡ್ಡ ಮನೆತನದ ಕನ್ಯೆಯಾಗಿಸಿದ್ದರು. ಮಕ್ಕಳಿಗೆ ದಾಸ್ಯದ ಮಾತು ಬೇಡವೆಂಬ ಸದುದ್ದೇಶ. ಆದರೆ ಬಿಡುಗಡೆಯ ಪತ್ರವಿರುವುದೇ ಅವಳು ದಾಸಿಯಾಗಿದ್ದುದರಿಂದ. ಅದನ್ನು ಮುಚ್ಚಿದರೆ ಅವಳ ಹೆಸರೂ ನಮಗೆ ಸಿಕ್ಕುತ್ತಿರಲಿಲ್ಲ. ಎರಡನೆಯ ಕರಡಿನಲ್ಲಿ ಅದನ್ನು ತಿದ್ದಿದರು. ‘ಅವಳನ್ನು ಹಣಕ್ಕೆ ಕೊಂಡಿದ್ದರು’ ಎಂಬ ನೇರವಾದ ವಾಕ್ಯವನ್ನೇ ಇಟ್ಟರು. ಅದೇ ಕರಡಿನ ಕೊನೆಯ ಅಧ್ಯಾಯದಲ್ಲಿ, ಮದುವೆಯ ಮುನ್ನಾದಿನ ಮಗಳಿಗೆ ಮಂಗಳೂರಿನಿಂದ ತಾಯಿಯ ಪತ್ರ ಬರುತ್ತದೆ. ಕೇಳಿದವರ ಕಣ್ಣು ಒದ್ದೆಯಾಗುವಂತೆ ಮಾಷ್ಟ್ರು ಅದನ್ನು ಬರೆದಿದ್ದರು.

ಆರನೆಯ ತರಗತಿಯ ಮೊಮ್ಮಗಳು ಅದನ್ನು ಓದಿ, “ಅಜ್ಜ, ಈ ಪತ್ರವೂ ಕೇಂಬ್ರಿಜಿನಲ್ಲಿ ಉಂಟಾ?” ಎಂದಳು.

“ಇಲ್ಲ ಮಗಾ, ಇದು ನಾನು ಬರೆದದ್ದು.”

“ಹಾಗಾದರೆ ಅಡಿಕೆ ಕಳುಹಿಸಿದ ಪತ್ರವೂ ನೀವೇ ಬರೆದದ್ದಾ?”

ಮಗು ತಪ್ಪು ಹುಡುಕಲಿಲ್ಲ, ತಿಳಿಯಲಿಕ್ಕೆ ಕೇಳಿತು. ಆ ರಾತ್ರಿ ಮಾಷ್ಟ್ರಿಗೆ ನಿದ್ದೆ ಬರಲಿಲ್ಲ. ಕಥೆಯೆಂದರೆ ಕಲ್ಪನೆಯೇ, ಅದರಲ್ಲಿ ಅಸತ್ಯದ ದೋಷವಿಲ್ಲವೆಂದು ವಾದಿಸಬಹುದು. ಆ ವಾದದಲ್ಲಿ ಹುರುಳೂ ಇದೆ. ಮಾತನಾಡುವ ಮೊಲವನ್ನು ಯಾವ ಮಗುವೂ ನಂಬಿ ಮೋಸಹೋಗುವುದಿಲ್ಲ. ಇಲ್ಲಿ ಹಾಗಲ್ಲ. ಒಂಬತ್ತು ನಿಜವಾದ ಪತ್ರಗಳ ನಡುವೆ ಹತ್ತನೆಯದನ್ನು ಅದೇ ತೆರನಾದ ಕಾಗದದಲ್ಲಿ ಸೇರಿಸಿದಾಗ ಓದುವ ಮಗುವಿಗೆ ಗುರುತು ಸಿಕ್ಕುವ ಬಗೆಯೇ ಇಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದೆ. ಅದನ್ನು ನಾವು ಸುಳ್ಳು ದಸ್ತಾವೇಜಿಗೆ, ಖೋಟಾ ರುಜುವಿಗೆ ಮಾತ್ರ ಅನ್ವಯಿಸುತ್ತ ಬಂದಿದ್ದೇವೆ. ಮೃತಳಾದ, ಬೇರೊಂದು ಸಮಾಜದ ಮನೆಗೆ ಸೇರಿದ, ತನ್ನ ಮಾತನ್ನು ಎಲ್ಲಿಯೂ ಬಿಟ್ಟುಹೋಗದ ಹೆಣ್ಣೊಬ್ಬಳ ಹೆಸರಿನಲ್ಲಿ ಪತ್ರ ಬರೆಯುವುದಕ್ಕೂ ಅದು ತಟ್ಟುವುದೆಂದೇ ಹೇಳಬೇಕು. ಆ ಪತ್ರದಲ್ಲಿ ಆಶು ಗಂಡನನ್ನು ಮನಸಾರೆ ಕ್ಷಮಿಸಿದ್ದಳು. ಅವಳು ಕ್ಷಮಿಸಿದಳೆಂದು ಹೇಳುವ ಅಧಿಕಾರವನ್ನು ಮಾಷ್ಟ್ರಿಗೆ ಕೊಟ್ಟವರಾರು?

ಮರುದಿನ ಅವರು ಪತ್ರವನ್ನು ಹಿಂತೆಗೆದರು. ಈಗಿನ ಕರಡಿನಲ್ಲಿ ಮದುವಣಗಿತ್ತಿಯು ತಾಯಿ ಏನು ಹೇಳಿಯಾಳೆಂದು ತಾನೇ ಊಹಿಸುತ್ತಾಳೆ. ಒಮ್ಮೆ ಒಂದು ರೀತಿ, ಇನ್ನೊಮ್ಮೆ ಮತ್ತೊಂದು ರೀತಿ. ಊಹೆಯೆಂಬುದು ಮಗುವಿಗೂ ಕಾಣುತ್ತದೆ. ಕಥೆ ಮೊದಲಿನಷ್ಟು ಅಳಿಸುವುದಿಲ್ಲ. ಪತ್ರವಿದ್ದಾಗಲೇ ಚೆನ್ನಾಗಿತ್ತೆಂದು ನೆರೆಮನೆಯವರ ಅಭಿಪ್ರಾಯ. ಕೇಳಲಿಕ್ಕೆ ಹಾಗಿತ್ತೆಂಬುದೂ ನಿಜ.

ಮೊಮ್ಮಗಳಿಗೆ ಇನ್ನೊಂದು ಸಂಶಯ ಉಳಿದಿತ್ತು. ಏಡನ್ನಿಗೆ ಹೋದದ್ದು ನಮ್ಮ ಅಜ್ಜಾವರದ ಅಡಿಕೆಯೋ? “ಯಾವ ತೋಟದ್ದೆಂದು ಪತ್ರದಲ್ಲಿ ಬರೆದಿಲ್ಲ ಮಗಾ” ಎಂದರು ಅಜ್ಜ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಅಲ್ಲ ಎಂದೂ ಬರೆದಿಲ್ಲವಲ್ಲ” ಎಂದು ಹೇಳಿ, ಅಡಿಕೆ ಮಗುಚಲು ಅಂಗಳಕ್ಕಿಳಿದಳು.