ಬಿಸಿಲೂರಿನ ದಾರಿಯಲ್ಲಿ ತಣ್ಣಗಿನ ಹೀಟರ್

ಕಲಬುರಗಿ ಸೀಮೆಯಲ್ಲಿ ಕಾರಿನ ಹೀಟರ್ ಕೆಟ್ಟಿದೆ ಅಂದ್ರೆ ಜನ ನಗ್ತಾರೆ. ‘ಏಸಿ ಕೆಟ್ಟದ ಅಂದ್ರ ಮಾತು ಬ್ಯಾರೆ, ಹೀಟರ್ ಯಾಕ ಬೇಕ್ರಿ ಇಲ್ಲಿ?’ ಅನ್ನೋದು ಸಹಜ. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ನೆಲ ಇದು. ಆದರೆ ಡಿಸೆಂಬರ್, ಜನವರಿಯ ನಸುಕಿನಲ್ಲಿ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿ ಕಾಡಿನ ಕಡೆ ಹೊರಟು ನೋಡಿ. ಗಾಜಿನ ತುಂಬ ಮಂಜು, ಕೈಬೆರಳೆಲ್ಲ ತಣ್ಣಗೆ. ಆಗ ಹೀಟರ್ ಹಾಕಿದರೂ ತಣ್ಣನೆ ಗಾಳಿಯೇ ಬಂದರೆ ಸ್ವೆಟರ್ ಏರಿಸಿ ಸುಮ್ಮನಾಗಬೇಡಿ. ತೊಂದರೆ ಎಂಜಿನ್‌ನಲ್ಲೇ ಇರಬಹುದು.

ಪೆಟ್ರೋಲ್, ಡೀಸೆಲ್ ಕಾರಿನ ಹೀಟರಿಗೆ ಸಾಮಾನ್ಯವಾಗಿ ಬೇರೆ ಒಲೆ ಇರುವುದಿಲ್ಲ. ಎಂಜಿನ್ ಸುತ್ತಿ ಸುಮಾರು 90 ಡಿಗ್ರಿಗೆ ಕಾದ ಕೂಲಂಟ್, ಡ್ಯಾಶ್‌ಬೋರ್ಡ್ ಹಿಂದಿನ ‘ಹೀಟರ್ ಕೋರ್’ ಎಂಬ ಪುಟ್ಟ ರೇಡಿಯೇಟರ್ ಮೂಲಕ ಹಾದು ಹೋಗುತ್ತದೆ. ಬ್ಲೋವರ್ ಅದರ ಮೇಲೆ ಗಾಳಿ ಊದುತ್ತದೆ, ಅಷ್ಟೇ. ಕೂಲಂಟ್ ಕಡಿಮೆಯಾದರೆ ಅಲ್ಲಿ ಗಾಳಿ ತುಂಬಿಕೊಂಡು ಹೀಟರ್ ಬೇಗ ತಣ್ಣಗಾಗುತ್ತದೆ.

ಈ ದಾರಿಯಲ್ಲಿ ಇನ್ನೊಂದು ಮಾತಿದೆ. ಶಹಾಬಾದ್ ಕಲ್ಲು ಎಷ್ಟೋ ಮನೆಗಳ ನೆಲಹಾಸು. ಅದೂ ಸುಣ್ಣದಕಲ್ಲೇ, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕಚ್ಚಾ ಸರಕೂ ಸುಣ್ಣದಕಲ್ಲೇ. ಇಂಥ ನೆಲದ ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯೊಳಗೆ ಬಿಳಿ ಪದರ ಕಟ್ಟುವ ಹಾಗೆಯೇ, ರೇಡಿಯೇಟರಿಗೆ ಅದನ್ನೇ ಸುರಿಯುತ್ತಾ ಬಂದರೆ ಹೀಟರ್ ಕೋರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಶುರುವಾಯಿತು. ಆ ಕಾಲದ ಉಗಿ ಎಂಜಿನ್ ಬಾಯ್ಲರಿಗೂ ಗಡಸು ನೀರು ಆಗಿಬರುತ್ತಿರಲಿಲ್ಲ. ನಮ್ಮ ಕಾರಿಗೂ ಅದೇ ಕಥೆ.

ಹಾಗಾಗಿ ಹೊರಡುವ ಮುನ್ನ, ಎಂಜಿನ್ ತಣ್ಣಗಿರುವಾಗಲೇ, ಕೂಲಂಟ್ ಟ್ಯಾಂಕ್ ನೋಡಿ. ಮಟ್ಟ ‘ಮಿನ್’ ಗೆರೆಯ ಕೆಳಗಿದ್ದರೆ ಕಾರಿನ ಕೈಪಿಡಿ ಹೇಳಿದ ಕೂಲಂಟನ್ನೇ ತುಂಬಿಸಿ. ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ.

ಮಟ್ಟ ಸರಿಯಿದ್ದೂ ಗಾಳಿ ತಣ್ಣಗಿದ್ದರೆ, ವಾಡಿಯಿಂದ ಚಿತ್ತಾಪುರದ ಕಡೆ ಹೋಗುತ್ತಾ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ಹತ್ತಾರು ಕಿಲೋಮೀಟರ್ ಓಡಿದರೂ ಮುಳ್ಳು ಮೇಲೇಳದಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. ಡೀಸೆಲ್, ಪೆಟ್ರೋಲ್ ಖರ್ಚೂ ಜಾಸ್ತಿ. ಓಡುವಾಗ ಬಿಸಿ, ನಿಂತಾಗ ತಣ್ಣಗಾದರೆ ಕೂಲಂಟ್ ಕೊರತೆ, ಏರ್ ಲಾಕ್ ಅಥವಾ ವಾಟರ್ ಪಂಪಿನ ಮೇಲೆ ಅನುಮಾನ. ಮುಳ್ಳು ಸರಿಯಾಗಿದ್ದು ಡ್ಯಾಶ್‌ಬೋರ್ಡ್ ಒಳಗೆ ಟಕ್ ಟಕ್ ಸದ್ದು ಬಂದರೆ, ಬಿಸಿ-ತಂಪು ಗಾಳಿ ಬೆರೆಸುವ ಪುಟ್ಟ ಬಾಗಿಲು ಸಿಕ್ಕಿಕೊಂಡಿದೆ. ಅದು ಬರೀ ಚಳಿಯ ತೊಂದರೆ, ಎಂಜಿನ್‌ಗೆ ಅಪಾಯವಿಲ್ಲ. ಹೀಟರಿಗೆ ಹೋಗುವ ಎರಡು ಪೈಪುಗಳಲ್ಲಿ ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿರಬಹುದು, ಫ್ಲಶ್ ಮಾಡಿಸಬೇಕು.

ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ, ಕಾಗಿಣಾ ದಂಡೆಯ ಹಳೇ ಕೋಟೆ ನೋಡಲು ನಿಂತಾಗ ಕಾರಿನ ಕೆಳಗೂ ಒಮ್ಮೆ ಬಗ್ಗಿ ನೋಡಿ, ನೀರು ತೊಟ್ಟಿಕ್ಕುತ್ತಿದೆಯೇ ಅಂತ. ಏಸಿ ಹಾಕಿದ್ದರೆ ಶುದ್ಧ ನೀರು ತೊಟ್ಟಿಕ್ಕುವುದು ಸಹಜ. ಬಣ್ಣದ ನೀರಾದರೆ ಕೂಲಂಟ್. ಅನುಮಾನವಿದ್ದರೆ ಸೇಡಂನಲ್ಲೇ ಗ್ಯಾರೇಜಿಗೆ ತೋರಿಸಿ. ಮುಂದೆ ತೊಗರಿ ಹೊಲಗಳು, ಆಮೇಲೆ 2011ರಲ್ಲಿ ವನ್ಯಜೀವಿ ಧಾಮವಾದ ಚಿಂಚೋಳಿ ಕಾಡು, ಚಂದ್ರಂಪಳ್ಳಿ ಜಲಾಶಯ. ನೋಡೋಕೆ ಚೆಂದ, ಆದರೆ ಕಾಡುದಾರಿಯಲ್ಲಿ ಕಾರು ಕೈಕೊಟ್ಟರೆ ಮೆಕ್ಯಾನಿಕ್ ಹುಡುಕೋದು ಕಷ್ಟ.

ಎಂಜಿನ್ ಕಾವೇರತೊಡಗಿದರೆ ಏಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎನ್ನುತ್ತಾರೆ. ಹೀಟರ್ ಎಂಜಿನ್ನಿನ ಒಂದಿಷ್ಟು ಶಾಖವನ್ನು ಹೊರಹಾಕುತ್ತದೆ. ಆದರೆ ಮುಳ್ಳು ಕೆಂಪಿನಲ್ಲಿದ್ದು ಹೀಟರ್ ತಣ್ಣಗೆ ಊದುತ್ತಿದ್ದರೆ ಕೂಲಂಟ್ ಹರಿಯುತ್ತಲೇ ಇಲ್ಲ ಎಂದರ್ಥ. ಕೂಡಲೇ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಕುದಿನೀರು ಚಿಮ್ಮಿ ಮುಖ ಸುಡುತ್ತದೆ.

ಜನವರಿಯಲ್ಲಿ ‘ಹೀಟರ್ ತಾನೇ’ ಅಂತ ಬಿಟ್ಟ ಕಾರನ್ನೇ ನಾವು ಮೇ ತಿಂಗಳಲ್ಲಿ ಇದೇ ರಸ್ತೆಗೆ ತರ್ತೀವಿ. ಹಿಂದಿನ ಸೀಟಲ್ಲಿ ಅಪ್ಪ-ಅಮ್ಮ, ಮಕ್ಕಳಿರ್ತಾರೆ. ಚಳಿಗಾಲದಲ್ಲೇ ತೋರಿಸಿಬಿಡಿ.