ಎರಡು ಔಷಧ

ನಮ್ಮೂರಲ್ಲಿ ‘ಔಷಧ’ ಅಂದ್ರೆ ಎರಡು. ಒಂದು ಜ್ವರ ಬಂದಾಗ ನುಂಗೋದು, ಇನ್ನೊಂದು ಹತ್ತಿಗೆ ಹೊಡೆಯೋದು. ಹಾವೇರಿ ಕಡೆ ಎರಡಕ್ಕೂ ಅದೇ ಪದ ನಡೆಯುತ್ತೆ.

ಬಿಇ ಮುಗಿಸಿ ಬೆಂಗಳೂರಿಗೆ ಬಂದ ನನ್ನ ಪಾಲಿಗೆ ಸಿಕ್ಕಿದ್ದು ಅಣುಗಳ ರಚನೆಯನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಸಾಫ್ಟ್‌ವೇರಿನ ಕೆಲಸ. ನೋಡೋಕೆ ಬರೀ ಗೆರೆ, ಮೂಲೆ. ಮೂಲೆಯಲ್ಲಿ ಏನೂ ಬರೆದಿಲ್ಲ ಅಂದ್ರೆ ಅಲ್ಲಿ ಇಂಗಾಲ ಇದೆ ಅಂತ ಅರ್ಥ. ಅದಕ್ಕಂಟಿದ ಜಲಜನಕವನ್ನು ನಾವೇ ಲೆಕ್ಕ ಹಾಕ್ಕೋಬೇಕು. 1980ರ ದಶಕದಲ್ಲಿ ಡೇವಿಡ್ ವೈನಿಂಗರ್ ರೂಪಿಸಿದ ‘ಸ್ಮೈಲ್ಸ್’ ಬರಹದಲ್ಲಿ ಎಥನಾಲ್ ಅಂದ್ರೆ ‘ಸಿಸಿಓ’, ಮೂರೇ ಅಕ್ಷರ. ಅಂಥ ಸಾಲನ್ನು ಓದಿ, ಯಾವ ಪರಮಾಣು ಪರದೆಯ ಮೇಲೆ ಎಲ್ಲಿ ಕೂರಬೇಕು ಅಂತ ತೀರ್ಮಾನಿಸೋದು ನಮ್ಮ ಕೋಡ್.

ಮೊನೊಕ್ರೊಟೊಫಾಸ್ ಬಿಡಿಸೋದು ಸಲೀಸು. ಉಂಗುರವೇ ಇಲ್ಲ. ಜಲಜನಕ ಬಿಟ್ಟರೆ 14 ಪರಮಾಣು, ಅದರಲ್ಲೊಂದು ರಂಜಕ. ಡಬ್ಬಿ ಮೇಲಿನ ಕೆಂಪು ತ್ರಿಕೋನ ಮಾತ್ರ ಚಿತ್ರದಲ್ಲಿ ಬರಲ್ಲ. ನಾನು ಪಿಯುಸಿಯಲ್ಲಿದ್ದಾಗ ದೊಡ್ಡಪ್ಪ ಇದನ್ನೇ ಹೊಡೆಯುತ್ತಾ ಹೊಲದಲ್ಲಿ ಬಿದ್ದಿದ್ದರು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ನರಗಳ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನೇ ಈ ವಿಷ ಕಟ್ಟಿಹಾಕುತ್ತೆ. ಸಂದೇಶ ನಿಲ್ಲೋದೇ ಇಲ್ಲ. ರಾತ್ರಿಯಿಡೀ ಆಸ್ಪತ್ರೆಯಲ್ಲಿ ಅವರಿಗೆ ಕೊಟ್ಟದ್ದು ಅಟ್ರೊಪಿನ್, ದತ್ತೂರಿ ಗಿಡದಲ್ಲೂ ಇರುವಂಥದ್ದು. ಅದು ಆ ಸಂದೇಶ ತಲುಪುವ ಜಾಗಕ್ಕೇ ಅಡ್ಡ ನಿಲ್ಲುತ್ತೆ. ದೊಡ್ಡಪ್ಪ ಉಳಿದರು.

ಅಟ್ರೊಪಿನ್ ಬಿಡಿಸೋದು ಮಾತ್ರ ಫಜೀತಿ. ಏಳು ಇಂಗಾಲದ ಉಂಗುರ, ಅದಕ್ಕೆ ಅಡ್ಡಲಾಗಿ ಸಾರಜನಕದ ಸೇತುವೆ. ಚಪ್ಪಟೆ ಪರದೆಗೆ ತಂದರೆ ಗೆರೆಗಳು ಒಂದರ ಮೇಲೊಂದು ಬೀಳ್ತವೆ. ಮೂಲೆಗಳನ್ನು ಸಮನಾಗಿ ಹಂಚೋ ಮಾಮೂಲಿ ನಿಯಮ ಇಲ್ಲಿ ಸಾಲದು. ಇಂಥ ಚೌಕಟ್ಟಿಗೆ ಮೊದಲೇ ಒಂದು ಅಚ್ಚು ಮಾಡಿಟ್ಟುಕೊಳ್ಳಬೇಕು. ಟೀಮಿನಲ್ಲಿ ಯಾರಿಗೂ ಬೇಡವಾಗಿದ್ದ ಆ ಟಿಕೆಟ್ ಅನ್ನು ನಾನು ಕೇಳಿ ಇಸ್ಕೊಂಡೆ. ಎರಡು ವಾರ ಹಿಡೀತು. ಯಾಕೆ ಅಷ್ಟು ಆಸಕ್ತಿ ಅಂತ ಮ್ಯಾನೇಜರ್ ಕೇಳಿದರು, ನಕ್ಕು ಸುಮ್ಮನಾದೆ.

ಹೋದ ದೀಪಾವಳಿಗೆ ದೊಡ್ಡಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ಎರಡೂ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

“ಕೊಲ್ಲೂದು ಯಾವ್ದೋ ತಮ್ಮಾ, ಉಳಿಸೂದು ಯಾವ್ದು?”

ತೋರಿಸಿದೆ.

“ಇದನ್ನ ನೋಡಿದ್ರ ನಮಗೇನ್ ತಿಳಿತೈತಿ? ಡಬ್ಬಿ ಮ್ಯಾಲಿನ ಆ ಕೆಂಪು ತ್ರಿಕೋನ ಐತಲ್ಲ, ಅದನ್ನ ದೊಡ್ಡದು ಮಾಡ್ರಿ ಅಂತ ಹೇಳು.”

ಅದು ನನ್ನ ಕೈಯಲ್ಲಿಲ್ಲ. ಈಗ ಔಷಧ ಹೊಡೆಯೋದು ದೊಡ್ಡಪ್ಪನ ಮಗ. ವಾಪಸ್ ಬರುವಾಗ ಅವನಿಗೆ ಕೈಗವಸು, ಮಾಸ್ಕು ಕೊಟ್ಟು ಬಂದೆ. ವಾರಕ್ಕೊಮ್ಮೆ ಫೋನ್ ಮಾಡಿ, ಹಾಕ್ಕೊಂಡ್ಯಾ ಅಂತ ಕೇಳ್ತಾ ಇರ್ತೀನಿ.