ಬಾವುಟಗುಡ್ಡೆಯ ಉದ್ಯಾನ: ಪರಿಷ್ಕರಣದ ಒಂದು ಪ್ರಶ್ನೆ

ಪಂಪ್‌ವೆಲ್ ಎಂಬ ಹೆಸರಿನೊಳಗೆ ಒಂದು ಬಾವಿಯಿದೆ, ನೀರೆತ್ತುವ ಒಂದು ಯಂತ್ರವಿದೆ. ಮಹಾವೀರ ವೃತ್ತವೆಂಬ ಹೆಸರನ್ನೂ ಹೊತ್ತ ಆ ಸ್ಥಳದಲ್ಲಿ 2020ರ ಜನವರಿ ಕೊನೆಗೆ ಮೇಲ್ಸೇತುವೆ ಸಂಚಾರಕ್ಕೆ ತೆರೆಯಿತು. ಮೇಲೆ ಸಾಗುವವರಿಗೆ ಬಾವಿಯ ನೆನಪಿಲ್ಲ. ಕೆಳಗೆ ಸಾಗುವವರಿಗೆ ಜೋರು ಮಳೆಯಲ್ಲಿ ನಿಂತ ನೀರು ಎದುರಾಗುತ್ತದೆ. ಹೆಸರುಳಿದು ಅದರ ಅರ್ಥ ಅಳಿಯುವುದೆಂದರೆ ಇದು. ಮಂಗಳೂರಿನ ಹಳೆಯ ಉದ್ಯಾನಗಳನ್ನು ನವೀಕರಿಸುವ ಮಾತು ಬಂದಾಗಲೆಲ್ಲ ಈ ನಿದರ್ಶನ ನನ್ನನ್ನು ಕಾಡುತ್ತದೆ.

ಬಾವುಟಗುಡ್ಡೆಯ ಟಾಗೋರ್ ಪಾರ್ಕನ್ನೇ ನೋಡೋಣ. ದೀಪಸ್ತಂಭದಿಂದಾಗಿ ಆ ಗುಡ್ಡ ಲೈಟ್‌ಹೌಸ್ ಹಿಲ್ ಎನಿಸಿತು. 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ಬಂದ ರೈತರ ದಂಡು ಇಲ್ಲಿ ತನ್ನ ಬಾವುಟವನ್ನೇರಿಸಿತು. ಹದಿಮೂರು ದಿನ ಮಂಗಳೂರು ಕಂಪೆನಿಯ ಕೈತಪ್ಪಿತ್ತು. ಜೈನ ಅರಸುಮನೆತನದ ಲಕ್ಷ್ಮಪ್ಪ ಬಂಗರಸರೂ ಆ ಹೋರಾಟದಲ್ಲಿ ಸೇರಿ ಗಲ್ಲಿಗೇರಿದರು. ದಂಡಿನ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರ ನವೆಂಬರ್‌ನಲ್ಲಿ ಇಲ್ಲಿ ಅನಾವರಣಗೊಂಡಿತು. ಉದ್ಯಾನಕ್ಕಿರುವುದು ಬಂಗಾಳದ ಕವಿಯ ಹೆಸರು. ಇಷ್ಟು ಕಿರಿದಾದ ನೆಲದಲ್ಲಿ ಇಷ್ಟೊಂದು ಪದರಗಳು!

ಇಂಥ ನೆಲವನ್ನು ನವೀಕರಿಸುವ ಕೆಲಸ ನನಗೆ ಗ್ರಂಥಸಂಪಾದನೆಯಂತೆ ತೋರುತ್ತದೆ. ತಾಡೋಲೆಯ ಸಂಪಾದಕನು ತನಗೆ ಕ್ಲಿಷ್ಟವೆನಿಸಿದ ಪಾಠವನ್ನು ಅಳಿಸಿ ಸುಲಭವಾದುದನ್ನು ಸೇರಿಸಲಾರ. ಮೊದಲು ಇದ್ದುದನ್ನೆಲ್ಲ ದಾಖಲಿಸುತ್ತಾನೆ, ಬಳಿಕ ತಿದ್ದುತ್ತಾನೆ; ತಿದ್ದಿದ್ದು ಎಲ್ಲಿ ಎಂಬುದನ್ನು ಓದುಗನಿಗೆ ಮರೆಮಾಚುವುದಿಲ್ಲ. ಉದ್ಯಾನದ ನವೀಕರಣ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದ ಕ್ರಮದಲ್ಲಿ ನಡೆಯುತ್ತದೆ. ನಕ್ಷೆ ಮೊದಲು ಬರುತ್ತದೆ, ನೆಲದ ಪರಿಚಯ ಆಮೇಲೆ.

ಅದರ ಫಲ ಕೇವಲ ಸೌಂದರ್ಯಕ್ಕೆ ಸಂಬಂಧಿಸಿದ್ದಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ನಮ್ಮ ಮುರಕಲ್ಲಿನ ನೆಲ ಆ ನೀರನ್ನು ಹೀರಬಲ್ಲದು, ಮೇಲೆ ಕಾಂಕ್ರೀಟು ಹಾಸದಿದ್ದರೆ. ಗುಡ್ಡದ ನೆತ್ತಿಯಲ್ಲಿ ಇಂಗದ ನೀರು ಇಳಿಜಾರಿನ ರಸ್ತೆಗಳಲ್ಲಿ ಹೊಳೆಯಾಗುತ್ತದೆ. ಕಾಲುದಾರಿ ಅಗಲವಾಗಲೆಂದು ಬುಡದವರೆಗೆ ಕಾಂಕ್ರೀಟು ಸುರಿದರೆ ಹಳೆಯ ಮರದ ಬೇರಿಗೆ ನೀರೂ ಗಾಳಿಯೂ ತಲುಪುವುದಿಲ್ಲ. ಮರ ಆ ವರ್ಷವೇ ಸಾಯದು, ಕೆಲವು ಮಳೆಗಾಲ ಕಳೆದ ಮೇಲೆ ಉರುಳುತ್ತದೆ. ಆಗ ದೋಷ ಗಾಳಿಯ ಪಾಲಿಗೆ ಹೋಗುತ್ತದೆ.

ಸಂಯಮದ ಮಾದರಿಗಾಗಿ ದೂರ ಹೋಗಬೇಕಿಲ್ಲ. ಇದೇ ಗುಡ್ಡದ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆಗಳಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಸುಮಾರು 1900ರಲ್ಲಿ ಬರೆದ ಚಿತ್ರಗಳಿವೆ. 1990ರ ದಶಕದಲ್ಲಿ ಅವು ಮಾಸಿದ್ದಾಗ ತಜ್ಞರು ಹೊಸ ಚಿತ್ರ ಬರೆಯಲಿಲ್ಲ. ಇದ್ದ ಚಿತ್ರಕ್ಕೆ ಚಿಕಿತ್ಸೆ ಮಾಡಿದರು. ಗೋಡೆಗೆ ಸಂದ ಈ ಮರ್ಯಾದೆ ಮರಕ್ಕೂ ಸಲ್ಲಬೇಡವೆ?

ನನ್ನ ಅಪೇಕ್ಷೆ ಇಷ್ಟೆ. ಯೋಜಕರು ಒಂದು ಮಳೆಗಾಲದುದ್ದಕ್ಕೂ ಉದ್ಯಾನವನ್ನು ಗಮನಿಸಲಿ: ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ. ಬೇಸಿಗೆಯ ಮಧ್ಯಾಹ್ನ ಯಾವ ಮರದ ನೆರಳಿಗೆ ವೃದ್ಧರು ಬರುತ್ತಾರೆ, ಯಾವ ಕಲ್ಲುಬೆಂಚಿನಲ್ಲಿ ವಿದ್ಯಾರ್ಥಿಗಳು ಓದುತ್ತಾರೆ ಎಂಬುದನ್ನು ಬರೆದುಕೊಳ್ಳಲಿ. ಪ್ರತಿ ಮರಕ್ಕೂ ಕನ್ನಡ, ತುಳು ಹೆಸರಿನ ಫಲಕವಿರಲಿ. ಗುಡ್ಡದ ಎಲ್ಲ ಹೆಸರುಗಳನ್ನೂ ಅವುಗಳ ಕಾರಣವನ್ನೂ ಒಂದು ಕಲ್ಲಿನಲ್ಲಿ ಕೆತ್ತಿಸಲಿ. ಈ ಪಟ್ಟಿ ಪೂರ್ಣವಾಗುವವರೆಗೆ ಗುದ್ದಲಿ ಕಾಯಬಹುದು.